ಚಿರತೆಗೆ ಸೊನ್ನೆ

ನನಗೊಂದು ಚಟವಿದೆ. ಮಾರ್ಕ್ಸ್ ಕೊಡುವ ಚಟ. ನಾನು ಮೇಷ್ಟ್ರಲ್ಲ, ಮೇಷ್ಟ್ರ ಮಗನೂ ಅಲ್ಲ. ಫೋನಿನಲ್ಲಿ ಏನೇ ತರಿಸಿಕೊಂಡರೂ ಕೊನೆಗೆ ಐದು ಸ್ಟಾರ್ ಮುಂದಿಟ್ಟು "ಹೇಗಿತ್ತು?" ಅಂತ ಕೇಳುತ್ತಾರಲ್ಲ, ಅಲ್ಲಿಂದ ಶುರುವಾಗಿದ್ದು. ಮೊದಮೊದಲು ಪಾರ್ಸೆಲ್ ತಂದವರಿಗೆ ಕೊಡುತ್ತಿದ್ದೆ. ಆಮೇಲೆ ಹಲ್ಲಿನ ಡಾಕ್ಟರಿಗೆ, ಆಮೇಲೆ ನೆಂಟರ ಮನೆಯ ಸೋಫಾಕ್ಕೆ. ಒಂದು ಸಲ ಹೆಂಡತಿಯ ಅಡುಗೆಗೆ ನಾಲ್ಕು ಸ್ಟಾರ್ ಅಂದುಬಿಟ್ಟೆ. ಐದನೆಯದು ಎಲ್ಲಿ ಹೋಯಿತು ಅಂತ ಮೂರು ದಿನ ವಿವರಣೆ ಕೊಡಬೇಕಾಯಿತು.

ಹೀಗಾಗಿ ಮಗಳು "ಅಪ್ಪಾ, ಝೂಗೆ ಹೋಗೋಣ" ಅಂದಾಗ ನಾನು ಮೊದಲು ಹುಡುಕಿದ್ದು ನೋಟ್‌ಬುಕ್ಕು. ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಮಾಡಿದೆ. ನೆರಳು, ಬೆಂಚು, ಕುಡಿಯುವ ನೀರು, ಶೌಚಾಲಯ, ಬೋರ್ಡು. ಕೊನೆಯದೇ ಮುಖ್ಯವಾದ ಕಾಲಂ: "ಪ್ರಾಣಿ ಕಾಣಿಸುತ್ತಾ?" ಒಂದೊಂದಕ್ಕೂ ಹತ್ತು ಮಾರ್ಕ್ಸ್. ಹೆಂಡತಿ ಇಣುಕಿ ನೋಡಿದಳು. "ರೀ, ಝೂ ನೋಡೋಕೆ ಹೋಗ್ತಿದೀರೋ, ಬಾಗಿಲು ಮುಚ್ಚಿಸೋಕೋ?" ಅಂದಳು. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ತಮ್ಮ ಕೊಡೆಯನ್ನು ಒಂದು ಸಲ ಬಿಚ್ಚಿ, ಮಡಚಿ, ಕಂಕುಳಿಗೆ ಸಿಕ್ಕಿಸಿಕೊಂಡರು.

ಆ ಕೊಡೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಕಪ್ಪು ಬಟ್ಟೆ, ಬಾಗಿದ ಮರದ ಹಿಡಿ. ಮಳೆ ಬಿಸಿಲು ಎರಡೂ ಇಲ್ಲದ ದಿನವೂ ಜೊತೆಗೆ ಬರುತ್ತದೆ. ಊರಿಕೊಳ್ಳಲು ಅದೇ, ಕೈಯೆತ್ತಿ ತೋರಿಸಲು ಅದೇ, ಕ್ಯೂನಲ್ಲಿ ನಡುವೆ ನುಗ್ಗುವವರಿಗೆ ಅಡ್ಡ ಹಿಡಿಯಲೂ ಅದೇ. ನಮ್ಮ ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರೆ ನಾನು ನಾಲ್ಕು ಅನ್ನುತ್ತೇನೆ. ಅತ್ತೆ ಒಂದು ಕ್ಷಣ ತಡೆದು ಹೂಂ ಅನ್ನುತ್ತಾರೆ.

ಗೇಟಿನಲ್ಲಿ ಚೀಲ ತಪಾಸಣೆ. ತಿನ್ನುವ ಸಾಮಾನು, ಪ್ಲಾಸ್ಟಿಕ್ಕು ಒಳಗೆ ಬಿಡುವುದಿಲ್ಲ. ನಿಯಮ ಸರಿಯೇ. ಜನ ಎಸೆದ ಪ್ಲಾಸ್ಟಿಕ್ ನುಂಗಿ ಪ್ರಾಣಿಗಳು ಸಾಯುತ್ತವೆ. ಅಲ್ಲೇ ಸಾಲಾಗಿ ಕಬ್ಬಿಣದ ಲಾಕರುಗಳಿದ್ದವು. ನಮ್ಮ ಊಟದ ಡಬ್ಬಿಗಳೆಲ್ಲ 17ನೇ ನಂಬರಿನದಕ್ಕೆ ಹೋದವು. ಕೀಲಿಕೈ ತಿರುಗಿಸಿದರೆ ಕಟಕ್ ಅಂತ ಗಟ್ಟಿಯಾಗಿ ಬಿತ್ತು. "ಲಾಕರು: ಭದ್ರ. 10ಕ್ಕೆ 10." ಮೊದಲ ಮಾರ್ಕ್ಸು. ಆ ಹತ್ತನ್ನು ನೆನಪಿನಲ್ಲಿಡಿ.

ಒಳಗೆ ಹೋದ ಕೂಡಲೇ ದೊಡ್ಡದೊಂದು ನಕ್ಷೆ. ಅದರಲ್ಲಿ "ನೀವು ಇಲ್ಲಿದ್ದೀರಿ" ಅಂತ ಕೆಂಪು ಬಾಣ ಹಾಕಿ, ಬಾಣದ ತುದಿಗೆ ಒಂದು ಚುಕ್ಕಿ ಇಟ್ಟಿದ್ದರು. ಇಟ್ಟಿದ್ದರು ಅನ್ನುವುದು ನನ್ನ ಊಹೆ. ಬಂದವರೆಲ್ಲ "ನೋಡು, ನಾವಿಲ್ಲಿದ್ದೀವಿ" ಅಂತ ಅಲ್ಲೇ ಬೆರಳಿಟ್ಟು ಬೆರಳಿಟ್ಟು, ಚುಕ್ಕಿ ಇದ್ದ ಜಾಗ ತಗಡು ಕಾಣುವಷ್ಟು ಸವೆದಿತ್ತು. ಚುಕ್ಕಿಯ ಜೊತೆಗೆ ಸುತ್ತಲಿನ ನವಿಲು, ಜಿಂಕೆ, ಅರ್ಧ ಜಿರಾಫೆಯೂ ಹೋಗಿದ್ದವು. ಝೂನಲ್ಲಿ ಉಳಿದದ್ದೆಲ್ಲ ಎಲ್ಲಿದೆ ಅಂತ ಗೊತ್ತಾಗುತ್ತಿತ್ತು, ನಾವೆಲ್ಲಿದ್ದೇವೆ ಅನ್ನುವುದೊಂದನ್ನು ಬಿಟ್ಟು. ನಾನೂ ಬೆರಳಿಟ್ಟು ನೋಡಿದೆ. ಬೆರಳು ನುಣ್ಣಗೆ ಜಾರಿತು. ಐದು ಕೊಟ್ಟೆ.

ಮೊದಲು ಸಿಂಹ. ಸಿಂಹ ಮಲಗಿತ್ತು. ಮಲಗಿತ್ತು ಅಂದರೆ ಬೆನ್ನು ನಮ್ಮ ಕಡೆ, ಮುಖ ಗೋಡೆ ಕಡೆ. ಬೇಲಿಯ ಹತ್ತಿರ ಐವತ್ತು ಜನ ಸಿಳ್ಳೆ ಹಾಕುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬರಂತೂ ತಾವೇ ಗರ್ಜಿಸಿ ತೋರಿಸಿದರು. ಹೇಗೆ ಮಾಡಬೇಕು ಅಂತ ಸಿಂಹಕ್ಕೆ ಮರೆತುಹೋಗಿದೆಯೇನೋ ಅನ್ನುವ ಹಾಗೆ. ಕಿವಿ ಕೂಡ ಅಲುಗಲಿಲ್ಲ. ಕಾಡಿನಲ್ಲಿರುವ ಸಿಂಹವೂ ದಿನಕ್ಕೆ 20 ಗಂಟೆಯ ತನಕ ಹೀಗೇ ಬಿದ್ದುಕೊಂಡಿರುತ್ತದೆ. ಸೋಮಾರಿತನ ಅಲ್ಲ, ಶಕ್ತಿ ಉಳಿತಾಯ. ಈ ಮಾತನ್ನು ಭಾನುವಾರ ಮಧ್ಯಾಹ್ನಗಳಲ್ಲಿ ನಾನೂ ಮನೆಯಲ್ಲಿ ಹೇಳುತ್ತೇನೆ. ಸಿಂಹಕ್ಕಿರುವ ಮರ್ಯಾದೆ ನನಗಿಲ್ಲ.

ನಮಗೂ ಸಿಂಹಕ್ಕೂ ನಡುವೆ ಸರಳುಗಳಿರಲಿಲ್ಲ. ಒಂದು ಆಳವಾದ ಕಂದಕ, ಅಷ್ಟೇ. ಇದನ್ನು ಜಗತ್ತಿಗೆ ರೂಢಿ ಮಾಡಿಸಿದವನು ಕಾರ್ಲ್ ಹಾಗೆನ್‌ಬೆಕ್ ಅನ್ನುವ ಜರ್ಮನಿಯ ಪ್ರಾಣಿ ವ್ಯಾಪಾರಿ. ಯಾವ ಪ್ರಾಣಿ ಎಷ್ಟು ದೂರ ಜಿಗಿಯುತ್ತದೆ ಅಂತ ಪರೀಕ್ಷೆ ಮಾಡಿ, ಅದಕ್ಕಿಂತ ಅಗಲದ ಕಂದಕ ತೋಡಿಸಿ, 1907ರಲ್ಲಿ ಹ್ಯಾಂಬರ್ಗ್ ಹತ್ತಿರ ಸರಳಿಲ್ಲದ ಝೂ ತೆರೆದ. ಹೆಂಡತಿಗೆ ಇದನ್ನು ಹೇಳಿದೆ. ಅವಳು ಕಂದಕ ನೋಡಿದಳು, ಸಿಂಹ ನೋಡಿದಳು, ಕಂಬಿಯ ಮೇಲೆ ಅರ್ಧ ಬಾಗಿದ್ದ ನನ್ನನ್ನು ನೋಡಿದಳು. "ಅಳತೆ ಮಾಡಿದ್ದು ಊಟ ಆದಮೇಲೋ, ಹಸಿದಿದ್ದಾಗಲೋ?" ಅಂತ ಕೇಳಿದಳು. ನಾನು ನೆಟ್ಟಗೆ ನಿಂತುಕೊಂಡೆ.

"ಪ್ರಾಣಿ ಕಾಣಿಸುತ್ತಾ?" ಕಾಲಂನಲ್ಲಿ ಸಿಂಹಕ್ಕೆ ಐದು. ಬೆನ್ನು ಮಾತ್ರ ಕಂಡಿದ್ದಕ್ಕೆ ಅರ್ಧ.

ಆನೆಯ ಹತ್ತಿರ ಮಾರ್ಕ್ಸು ಕೊಟ್ಟಿದ್ದು ನಾನಲ್ಲ, ಅತ್ತೆ. ಅವರು ಆನೆಯ ಮುಖ ನೋಡಲೇ ಇಲ್ಲ. ಸೀದಾ ಕಾಲು ನೋಡಿದರು. "ಅಳಿಯಂದ್ರೇ, ಇದಕ್ಕೆ ನಿಲ್ಲೋಕೆ ಸಿಮೆಂಟು ಹಾಕಿದಾರಾ, ಮಣ್ಣು ಹಾಕಿದಾರಾ?" ಅಂದರು. ಅಂಗಳದಲ್ಲಿ ಮಣ್ಣಿತ್ತು, ಮರಳಿನ ಗುಡ್ಡೆ ಇತ್ತು. ಹಿಂದಿನ ಕೊಟ್ಟಿಗೆಯಲ್ಲಿ ಮಾತ್ರ ಸಿಮೆಂಟು. "ರಾತ್ರಿಯೆಲ್ಲ ಅಲ್ಲಿ ನಿಂತರೆ ಮಂಡಿ ಉಳಿಯುತ್ತಾ? ನನಗೆ ಕೇಳಿ ಹೇಳ್ತೀನಿ." ಅತ್ತೆ ಪಶುವೈದ್ಯ ಓದಿದವರಲ್ಲ. ಆದರೆ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಕೂಡಿಹಾಕಿದ ಆನೆಗಳನ್ನು ಜಾಸ್ತಿ ಕಾಡುವುದು ಪಾದದ ಹುಣ್ಣು ಮತ್ತು ಕೀಲು ನೋವು. ಗಟ್ಟಿ ನೆಲ ಅದಕ್ಕೊಂದು ದೊಡ್ಡ ಕಾರಣ. ಒಳ್ಳೆಯ ಝೂಗಳು ಈಗ ಕೊಟ್ಟಿಗೆಗೂ ಮರಳು ತುಂಬಿಸುತ್ತವೆ. ನನ್ನ ಪುಸ್ತಕದಲ್ಲಿ ನೆಲಕ್ಕೆ ಕಾಲಂ ಇರಲಿಲ್ಲ. ಮನುಷ್ಯರ ಬೆಂಚಿಗೆ ಇತ್ತು. ಬೆಂಚು ಸಿಮೆಂಟಿನದೇ. ಕೂತು ಎದ್ದಾಗ ನನಗೂ ಆನೆಯ ಕಷ್ಟ ಸ್ವಲ್ಪ ಅರ್ಥವಾಯಿತು.

ನೀರಾನೆಯ ಕೊಳದ ಹತ್ತಿರ ಒಂದು ಬೋರ್ಡು: "ಇಲ್ಲಿ ನಿಲ್ಲಬೇಡಿ." ಅಷ್ಟೇ. ಯಾಕೆ, ಏನು, ಎತ್ತ, ಒಂದೂ ಇಲ್ಲ. ಇಂಥ ಬೋರ್ಡು ಕಂಡರೆ ನನಗೆ ರೇಗುತ್ತದೆ. ನಿಲ್ಲಬೇಡಿ ಅಂದರೆ ಕಾರಣ ಹೇಳಬೇಕಲ್ವಾ? ಓದುವವನು ಮನುಷ್ಯ ತಾನೇ? ಅಲ್ಲೇ ನಿಂತು ಪೆನ್ನು ತೆಗೆದು, "ಬೋರ್ಡು: ಒರಟು ಭಾಷೆ, ಕಾರಣ ಕೊಟ್ಟಿಲ್ಲ, 10ಕ್ಕೆ 3" ಅಂತ ಬರೆಯತೊಡಗಿದೆ. ಮಗಳು ಪಕ್ಕದಲ್ಲಿದ್ದ ಇನ್ನೊಂದು ಬೋರ್ಡನ್ನು ಜೋರಾಗಿ ಓದುತ್ತಿದ್ದಳು. ನೀರಾನೆಯ ಮೈಯಿಂದ ಕೆಂಪು ದ್ರವ ಬರುತ್ತದೆ, ಅದು ರಕ್ತವೂ ಅಲ್ಲ ಬೆವರೂ ಅಲ್ಲ, ಬಿಸಿಲಿನಿಂದ ಚರ್ಮ ಕಾಪಾಡುವ ಲೇಪ ಅಂತ. ಎಂಥ ವ್ಯವಸ್ಥೆ ಅಂತ ನಾನು ತಲೆದೂಗುತ್ತಿದ್ದೆ. ಅಷ್ಟರಲ್ಲಿ ನೀರಾನೆ ನಿಧಾನಕ್ಕೆ ದಡ ಹತ್ತಿ ನಮ್ಮ ಕಡೆ ಬೆನ್ನು ಮಾಡಿ ನಿಂತಿತು.

ಅದರ ಬಾಲ ಗಿಡ್ಡ, ಚಪ್ಪಟೆ. ದೋಣಿಯ ಸಣ್ಣ ಹುಟ್ಟಿನ ಹಾಗೆ. ಅದು ಅಲುಗಲು ಶುರುವಾಯಿತು. ಮೊದಲು ನಿಧಾನಕ್ಕೆ, ಆಮೇಲೆ ಟೇಬಲ್ ಫ್ಯಾನಿನ ಥರ.

ನೀರಾನೆ ಲದ್ದಿ ಹಾಕುವುದಿಲ್ಲ, ಎರಚುತ್ತದೆ. ಹಾಕುತ್ತಿರುವಾಗಲೇ ಬಾಲ ಬಡಿದು ಸುತ್ತಲೂ ಹರಡುವುದು ಅದರ ಸ್ವಭಾವ. ಆಮೇಲೆ ಓದಿ ತಿಳಿದುಕೊಂಡೆ. ಅವತ್ತು ತಿಳಿದುಕೊಂಡಿದ್ದು ಬೇರೆ ರೀತಿಯಲ್ಲಿ. ಬೋರ್ಡಿನಲ್ಲಿ ಬಿಟ್ಟುಹೋಗಿದ್ದ ಕಾರಣವನ್ನು ನೀರಾನೆ ಅಂಗಿಯ ಎಡತೋಳಿಗೆ, ಕನ್ನಡಕಕ್ಕೆ, ನೋಟ್‌ಬುಕ್ಕಿನ ಎರಡೂ ಪುಟಕ್ಕೆ ವಿವರವಾಗಿ ಬರೆದುಕೊಟ್ಟಿತು. ಹೆಂಡತಿ ಮಗಳು ಬೋರ್ಡಿಗೆ ಮರ್ಯಾದೆ ಕೊಟ್ಟು ದೂರ ನಿಂತಿದ್ದರು. ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ಅವರ ಮೇಲೆ ಒಂದು ಹನಿಯೂ ಇಲ್ಲ. ಬಾಲ ಮೊದಲ ಸುತ್ತು ತಿರುಗಿದಾಗಲೇ ಕೊಡೆ ಬಿಚ್ಚಿ ಅಡ್ಡ ಹಿಡಿದಿದ್ದರು.

"ಹಿಂದೆ ತಿರುಗಿ ನಿಂತಾಗಲೇ ಅಂದ್ಕೊಂಡೆ," ಅಂದರು ಕೊಡೆಯ ಹಿಂದಿನಿಂದ.

ಶೌಚಾಲಯಕ್ಕೆ ಅಲ್ಲಿಂದಲೇ ಹೋದೆವು. ಬಾಣದ ಗುರುತು ಹಿಡಿದು ಹೋದರೆ ಮೊದಲು ಕೊಕ್ಕರೆ ಬಂತು, ಆಮೇಲೆ ಆಮೆ, ಆಮೇಲೆ ಮತ್ತೆ ಕೊಕ್ಕರೆ. ದಾರಿಯುದ್ದಕ್ಕೂ ಜನ ತಾವಾಗಿಯೇ ಜಾಗ ಬಿಟ್ಟುಕೊಟ್ಟರು. ಅಷ್ಟು ಗೌರವ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಶೌಚಾಲಯ ಚೊಕ್ಕಟವಾಗಿತ್ತು, ಸುಳ್ಳು ಹೇಳಬಾರದು. ನಲ್ಲಿ ಮಾತ್ರ ತಿರುಗಿಸಿದರೆ ನೀರು ಕೆಳಗೆ ಬರದೆ ಮುಂದಕ್ಕೆ ಹಾರುತ್ತಿತ್ತು. ಬೇರೆ ದಿನವಾಗಿದ್ದರೆ ಎರಡು ಮಾರ್ಕ್ಸು ಕಳೆಯುತ್ತಿದ್ದೆ. ಅವತ್ತು ಎದುರಿಗೆ ನಿಂತು ಸ್ನಾನವನ್ನೇ ಮುಗಿಸಿದೆ. ಅತ್ತೆ ಕೊಡೆ ತೊಳೆದರು. ಒಂದೊಂದು ಕಡ್ಡಿಯನ್ನೂ ಬಿಡದೆ ತೊಳೆದರು.

ಪಕ್ಕದ ತಿರುವಿನಲ್ಲೇ ಚಿರತೆಯ ಆವರಣ. ಚೆನ್ನಾಗಿ ಗಾಳಿ ಬೀಸುತ್ತಿತ್ತು. ನಾವು ನಿಂತೆವು. ಒಳಗೆ ಎತ್ತರದ ಹುಲ್ಲು, ಬಂಡೆ, ಅಡ್ಡಾದಿಡ್ಡಿ ಬಿದ್ದ ಮರದ ದಿಮ್ಮಿಗಳು, ಒಂದು ದೊಡ್ಡ ಮರ, ಮರಕ್ಕೆ ಬಳ್ಳಿ. ಚಿರತೆಯೊಂದನ್ನು ಬಿಟ್ಟು ಎಲ್ಲ ಇತ್ತು. ಐದು ನಿಮಿಷ ಹುಡುಕಿದೆವು, ಹತ್ತು ನಿಮಿಷ ಹುಡುಕಿದೆವು. ಪಕ್ಕದಲ್ಲಿದ್ದವರು "ಅಗೋ ಅಲ್ಲಿ" ಅಂದರು. ಎಲ್ಲರೂ ಆ ಕಡೆ ಓಡಿದೆವು. ಒಣಗಿದ ಎಲೆ. ಇನ್ನೊಬ್ಬರು "ಇಗೋ ಇಲ್ಲಿ" ಅಂದರು. ಅದೂ ಎಲೆಯೇ, ಸ್ವಲ್ಪ ದೊಡ್ಡದು. ಚಿರತೆ ಇಲ್ಲವೇ ಇಲ್ಲ, ಸುಮ್ನೆ ಬೋರ್ಡು ಹಾಕಿದ್ದಾರೆ ಅನ್ನುವ ತೀರ್ಮಾನಕ್ಕೆ ಗುಂಪು ಬಂತು. ನಾನು ಅಂಗಿ ಒಣಗಲಿ ಅಂತ ಕೈ ಅಗಲಿಸಿಕೊಂಡು ನಿಂತೆ. ಹೆಂಡತಿ ಒಂದಷ್ಟು ಫೋಟೋ ಹೊಡೆದಳು. ಮಗಳು ಎಲೆ ಎಣಿಸಿದಳು.

ಪ್ರಾಣಿ ನೋಡಿಕೊಳ್ಳುವ ಒಬ್ಬರು ಬಕೆಟ್ ಹಿಡಿದು ಅತ್ತ ಬಂದರು. ನಾನು ಅಧಿಕಾರಿಯ ಧಾಟಿಯಲ್ಲಿ, ಅಂದರೆ ಒದ್ದೆ ಅಂಗಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು, ಕೇಳಿದೆ. "ಏನ್ರೀ, ಚಿರತೆ ಕಾಣಿಸ್ತಾನೇ ಇಲ್ಲವಲ್ಲ?"

"ಒಳಗೇ ಇದೆ ಸಾರ್."

"ಒಳಗೆ ಎಲ್ಲಿ?"

"ಅದಕ್ಕೆ ಇಷ್ಟ ಬಂದ ಕಡೆ." ಬಕೆಟ್ ಕೆಳಗಿಟ್ಟರು. "ಮುಂಚೆ ಇಲ್ಲಿ ಹುಲ್ಲೂ ಇರಲಿಲ್ಲ, ಮರಾನೂ ಇರಲಿಲ್ಲ ಸಾರ್. ನಿಂತರೂ ಕಾಣಿಸೋದು, ಕೂತರೂ ಕಾಣಿಸೋದು. ಜನಕ್ಕೆ ಖುಷಿ. ಅದು ಮಾತ್ರ ಸರಿಯಾಗಿ ಊಟಾನೇ ಮಾಡ್ತಿರಲಿಲ್ಲ. ಈಗ ಬೇಡ ಅನಿಸಿದರೆ ಬಚ್ಚಿಟ್ಕೊಳ್ಳುತ್ತೆ, ಬೇಕು ಅನಿಸಿದರೆ ಬರುತ್ತೆ."

"ಇವತ್ತು?"

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗಾಳಿ ನನ್ನ ಕಡೆಯಿಂದ ಅವರ ಕಡೆಗೆ ಬೀಸುತ್ತಿತ್ತು. "ಇವತ್ತು ಬೇಡ ಅನಿಸಿರಬೇಕು ಸಾರ್," ಅಂದು ಬಕೆಟ್ ಎತ್ತಿಕೊಂಡು ಹೋದರು.

ಬಂತಲ್ಲ ನನಗೆ ಕೋಪ. ದುಡ್ಡು ಕೊಟ್ಟು ಬಂದಿದ್ದು ಯಾರು, ನಾನೋ ಚಿರತೆಯೋ? ನೋಟ್‌ಬುಕ್ಕಿನಲ್ಲಿ ಒಣಗಿದ ಪುಟ ಹುಡುಕಿ ಬರೆದೆ. "ಚಿರತೆ: ಕಾಣಿಸುತ್ತಾ? ಇಲ್ಲ. 0." ಸೊನ್ನೆಯನ್ನು ಎರಡು ಸಲ ತಿದ್ದಿ ದಪ್ಪ ಮಾಡಿದೆ.

ಮುಂದಿನದು ಕರಡಿ. ಇದಲ್ವಾ ಆವರಣ ಅಂದರೆ! ಹಳೆಯ ಕಾಲದ ಗುಂಡಿ. ಸುತ್ತ ಗೋಡೆ, ಕೆಳಗೆ ಸಿಮೆಂಟು, ನಡುವೆ ಒಂದು ನೀರಿನ ತೊಟ್ಟಿ. ಯಾವ ಮೂಲೆಯಿಂದ ನೋಡಿದರೂ ಕರಡಿ ಪೂರ್ತಿ ಕಾಣುತ್ತಿತ್ತು. ಮಲಗಿಯೂ ಇರಲಿಲ್ಲ, ಓಡಾಡುತ್ತಿತ್ತು. ಮಕ್ಕಳು ಕೇಕೆ ಹಾಕುತ್ತಿದ್ದರು. "ನೋಡು ವಾಕಿಂಗ್ ಮಾಡ್ತಿದೆ" ಅಂತ ಒಬ್ಬ ತಾಯಿ ಮಗುವಿಗೆ ತೋರಿಸಿದರು. ನಾನು ಖುಷಿಯಿಂದ ಹತ್ತು ಅಂತ ಬರೆದೇಬಿಟ್ಟೆ.

ಹೆಂಡತಿ, ಮಗಳು ನೀರು ಕುಡಿಯಲು ಹೋದರು. ಕ್ಯೂ ಉದ್ದ ಇತ್ತು. ಕಾಯುತ್ತ ನಿಂತಾಗ ಬೇರೇನೂ ಕೆಲಸವಿಲ್ಲದೆ ನೋಡತೊಡಗಿದೆ. ಕರಡಿ ತೊಟ್ಟಿಯ ಅಂಚಿನಿಂದ ಹೊರಡುತ್ತದೆ. ಏಳು ಹೆಜ್ಜೆ. ಗೋಡೆಯ ಹತ್ತಿರ ತಲೆಯನ್ನು ಎಡಕ್ಕೆ ಒಂದು ಸಲ ಎತ್ತಿ ತಿರುಗಿಸುತ್ತದೆ. ವಾಪಸ್ಸು ಏಳು ಹೆಜ್ಜೆ. ಮತ್ತೆ ಏಳು. ಮತ್ತೆ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ, ಅದೇ ಎಡಕ್ಕೆ ತಲೆ. ಹದಿನೈದು ನಿಮಿಷದಲ್ಲಿ ಒಂದು ಹೆಜ್ಜೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ನಡೆಯುವ ಪಟ್ಟಿಯಲ್ಲಿ ಸಿಮೆಂಟು ಹೊಳೆಯುತ್ತಿತ್ತು. ಗೇಟಿನ ನಕ್ಷೆಯ ಮೇಲಿನ ಚುಕ್ಕಿಯ ಹಾಗೆ, ಸವೆದು ಸವೆದು ನುಣ್ಣಗೆ.

ಇದು ವಾಕಿಂಗ್ ಅಲ್ಲ. ಮಾಡಲು ಏನೂ ಇಲ್ಲದ, ಹೋಗಲು ಎಲ್ಲೂ ಇಲ್ಲದ ಪ್ರಾಣಿಗಳು ಹೀಗೆ ಮಾಡುತ್ತವೆ. ಕಾಡಿನಲ್ಲಿ ಜಾಸ್ತಿ ತಿರುಗಾಡುವ ಮಾಂಸಾಹಾರಿಗಳೇ ಝೂಗಳಲ್ಲಿ ಜಾಸ್ತಿ ಹೀಗೆ ಶತಪಥ ಹಾಕುತ್ತವೆ, ಅವುಗಳ ಮರಿಗಳೂ ಜಾಸ್ತಿ ಸಾಯುತ್ತವೆ ಅಂತ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು 2003ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಹಿಮಕರಡಿಗೆ ಝೂನಲ್ಲಿ ಸಾಮಾನ್ಯವಾಗಿ ಸಿಗುವ ಜಾಗ, ಅದು ಹೊರಗೆ ಸುತ್ತಾಡುವ ಜಾಗದ ಹತ್ತು ಲಕ್ಷದಲ್ಲಿ ಒಂದು ಪಾಲಂತೆ. ನಾನು ಈ ಲೆಕ್ಕ ನೆನೆಯುತ್ತ, ಹೆಂಡತಿ ಇನ್ನೂ ಬರಲಿಲ್ಲವಲ್ಲ ಅಂತ ಕಂಬಿಯ ಉದ್ದಕ್ಕೂ ಅತ್ತಿಂದಿತ್ತ ಹೋಗುತ್ತಿದ್ದೆ.

"ಅಳಿಯಂದ್ರೇ," ಅಂದರು ಬೆಂಚಿನ ಮೇಲಿದ್ದ ಅತ್ತೆ, "ನೀವೂ ಏಳೇ ಹೆಜ್ಜೆ ಹಾಕ್ತಿದೀರಿ."

ಬಂದು ಅವರ ಪಕ್ಕ ಕೂತೆ. ನೋಟ್‌ಬುಕ್ ತೆರೆದೆ. ಕರಡಿಗೆ ಹತ್ತು, ಚಿರತೆಗೆ ಸೊನ್ನೆ. ಅಕ್ಕಪಕ್ಕದ ಸಾಲಿನಲ್ಲೇ ಇದ್ದವು. ಯಾರೋ ಉತ್ತರಪತ್ರಿಕೆ ತಿರುಗುಮುರುಗಾಗಿ ತಿದ್ದಿದ ಹಾಗೆ.

ತಪ್ಪು ನನ್ನೊಬ್ಬನದಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಈಗಲೂ ನಡೆಯುತ್ತಿರುವ ಝೂಗಳಲ್ಲಿ ಅತಿ ಹಳೆಯದು ವಿಯೆನ್ನಾದ ಷೋನ್‌ಬ್ರುನ್. ಅದು ಶುರುವಾದದ್ದು 1752ರಲ್ಲಿ, ರಾಜರ ಖುಷಿಗೆ. ನಡುವೆ ಒಂದು ಮಂಟಪ, ಸುತ್ತ ಕೇಕಿನ ತುಂಡುಗಳ ಹಾಗೆ 13 ಆವರಣ. ರಾಜಮನೆತನದವರು ಮಂಟಪದಲ್ಲಿ ತಿಂಡಿ ತಿನ್ನುತ್ತ ಕತ್ತು ತಿರುಗಿಸಿದರೆ ಸಾಕು, ಎಲ್ಲ ಪ್ರಾಣಿಯೂ ಕಾಣಬೇಕು. ನನ್ನ "ಕಾಣಿಸುತ್ತಾ?" ಕಾಲಂ ಆ ಕಾಲದ್ದು. ಲಂಡನ್ ಝೂನಲ್ಲಿ 1934ರಲ್ಲಿ ಪೆಂಗ್ವಿನ್‌ಗಳಿಗೆ ಒಂದು ಕೊಳ ಕಟ್ಟಿದರು. ಒಂದರೊಳಗೊಂದು ಸುತ್ತಿಕೊಂಡು ಇಳಿಯುವ ಎರಡು ಬಿಳಿ ಕಾಂಕ್ರೀಟ್ ಇಳಿಜಾರು. ಕಟ್ಟಡ ಕಟ್ಟುವವರೆಲ್ಲ ಕೈಮುಗಿಯುವಷ್ಟು ಚಂದ. ಪೆಂಗ್ವಿನ್‌ಗಳು ಅದರ ಮೇಲೆ ಸಾಲಾಗಿ ಇಳಿಯುವುದನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಆದರೆ ಕಾಂಕ್ರೀಟ್ ಮೇಲೆ ನಡೆದು ನಡೆದು ಅವುಗಳ ಪಾದ ಕೆಟ್ಟಿತು. 2004ರಲ್ಲಿ ಅವನ್ನು ಬೇರೆ ಕಡೆಗೆ ಸಾಗಿಸಿದ ಮೇಲೆ ವಾಪಸ್ಸು ತರಲೇ ಇಲ್ಲ. ಕೊಳ ಈಗ ಖಾಲಿ. ಆದರೂ ಕೆಡವುವ ಹಾಗಿಲ್ಲ, ಕಾನೂನಿನ ರಕ್ಷಣೆ ಇದೆ. ಅತ್ತೆಯನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದರು.

ಹಾವಿನ ಮನೆಯಲ್ಲಿ ಹೆಚ್ಚು ಹೊತ್ತು ಇರಲಿಲ್ಲ. ಇದ್ದಷ್ಟು ಹೊತ್ತು ಒಬ್ಬರು ಗಾಜನ್ನು ಉಂಗುರದಿಂದ ಟಕ್ ಟಕ್ ಅಂತ ಬಡಿಯುತ್ತಿದ್ದರು. ಹೆಬ್ಬಾವು ಕದಲಲಿಲ್ಲ. "ಹಾವಿಗೆ ಕಿವಿ ಇಲ್ಲ, ಕೇಳಿಸಲ್ಲ" ಅಂತ ಅವರೇ ಸಮಜಾಯಿಷಿ ಕೊಟ್ಟುಕೊಂಡು ಇನ್ನೂ ಜೋರಾಗಿ ಬಡಿದರು. ನನ್ನಿಂದ ತಡೆಯಲು ಆಗಲಿಲ್ಲ. ಹೊರಗೆ ಕಿವಿ ಇಲ್ಲ ನಿಜ, ಆದರೆ ಒಳಕಿವಿ ಇದೆ, ನೆಲದ ಅದುರು ದವಡೆಯ ಮೂಳೆಯಿಂದ ಅಲ್ಲಿಗೆ ಹೋಗುತ್ತದೆ, ನೀವು ಬಡಿಯುವುದು ಅದಕ್ಕೆ ಚೆನ್ನಾಗಿಯೇ ಗೊತ್ತಾಗುತ್ತದೆ ಅಂತ ಪಾಠ ಮಾಡಿದೆ. ಅವರು ನಾಚಿಕೊಂಡು ಸರಿದರು. ನಾನು ಗೆಲುವಿನ ನಗೆ ಬೀರಿ, ಹೆಬ್ಬಾವಿನ ದವಡೆಯನ್ನು ಮಗಳಿಗೆ ಹತ್ತಿರದಿಂದ ತೋರಿಸೋಣ ಅಂತ ಬಾಗಿದೆ. ಗಾಜು ಎಷ್ಟು ಚೊಕ್ಕಟವಾಗಿತ್ತು ಅಂದರೆ ಅಲ್ಲಿ ಗಾಜಿದೆ ಅನ್ನುವುದೇ ಮರೆತುಹೋಗಿತ್ತು. ಹಣೆ ಬಡಿದ ಸದ್ದಿಗೆ ಹೆಬ್ಬಾವು ತಲೆ ಎತ್ತಿ ನೋಡಿತು. ಉಂಗುರದವರೂ ತಿರುಗಿ ನೋಡಿದರು. ಗಾಜಿನ ಸ್ವಚ್ಛತೆ: 10ಕ್ಕೆ 10.

ಇಷ್ಟು ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಹಸಿದಿತ್ತು. ಆದರೆ ದಾರಿಯಲ್ಲಿ ಒರಾಂಗುಟಾನ್ ಸಿಕ್ಕಿತು. ಅದರ ಮುಂದೆ ಹಾಗೇ ದಾಟಿ ಹೋಗುವುದು ಕಷ್ಟ. ಮರದ ತುಂಡಿನ ಸಣ್ಣ ತೂತಿನಲ್ಲಿ ಯಾರೋ ತಿನಿಸು ಅಡಗಿಸಿಟ್ಟಿದ್ದರು. ಒರಾಂಗುಟಾನ್ ಒಂದು ಕಡ್ಡಿ ಮುರಿದು, ಸಿಪ್ಪೆ ಸುಲಿದು, ತುದಿಯನ್ನು ಹಲ್ಲಿನಲ್ಲಿ ಜಗಿದು ಮೆತ್ತಗೆ ಮಾಡಿ, ತೂತಿಗೆ ಹಾಕಿ ನಿಧಾನಕ್ಕೆ ತಿರುಗಿಸುತ್ತಿತ್ತು. ಸೂಜಿಗೆ ದಾರ ಪೋಣಿಸುವವರ ಮುಖದಲ್ಲಿ ಕಾಣುವ ಗಾಂಭೀರ್ಯ. ಬೇಸರ ಕಳೆಯಲು ಝೂನವರು ಕೊಡುವ ಕೆಲಸ ಇದು. ಕರಡಿಗೆ ಇಲ್ಲದಿದ್ದದ್ದು ಇದೇ. ಮಗಳಿಗೆ ಫೂ ಮಾಂಚು ಕಥೆ ಹೇಳಿದೆ. ಅಮೆರಿಕದ ಒಮಾಹಾ ಝೂನಲ್ಲಿ 1968ರಲ್ಲಿ ಫೂ ಮಾಂಚು ಅನ್ನುವ ಒರಾಂಗುಟಾನ್ ಪದೇ ಪದೇ ಬಾಗಿಲು ತೆಗೆದುಕೊಂಡು ಹೊರಗೆ ಬರುತ್ತಿತ್ತು. ಬಾಗಿಲು ಹಾಕದೆ ಹೋಗಿದ್ದೀರಿ ಅಂತ ನೋಡಿಕೊಳ್ಳುವವರಿಗೆ ಬೈಗುಳ. ಕೊನೆಗೆ ನೋಡಿದರೆ, ಅದು ಒಂದು ತಂತಿಯನ್ನು ತುಟಿಯ ಒಳಗೆ ಬಚ್ಚಿಟ್ಟುಕೊಂಡು, ಯಾರೂ ಇಲ್ಲದಾಗ ತೆಗೆದು ಬೀಗ ಬಿಚ್ಚುತ್ತಿತ್ತು.

"ಮತ್ತೆ ತಂತಿನ ವಾಪಸ್ ಬಾಯಿಗೇ ಇಟ್ಕೋತಿತ್ತಾ?" ಅಂದಳು ಮಗಳು.

"ಹೂಂ. ಜಾಣ."

"ನೀನು ಮನೆ ಕೀ ಎಲ್ಲಿಟ್ಟೆ ಅಂತ ದಿನಾ ಹುಡುಕ್ತೀಯಲ್ಲಪ್ಪ."

ಲಾಕರಿನ ಹತ್ತಿರ ಬಂದೆವು. 17ನೇ ನಂಬರು. ಕೀಲಿಕೈ ಹಾಕಿ ತಿರುಗಿಸಿದೆ. ತಿರುಗಲಿಲ್ಲ. ಎಳೆದು ತಿರುಗಿಸಿದೆ, ಒತ್ತಿ ತಿರುಗಿಸಿದೆ, ಉಫ್ ಅಂತ ಊದಿ ತಿರುಗಿಸಿದೆ. ಹೆಂಡತಿ ತಿರುಗಿಸಿದಳು. ಅತ್ತೆ ಬಾಗಿಲಿಗೆ ಎರಡು ಬಡಿದರು. ಒಳಗಿನಿಂದ ಊಟದ ವಾಸನೆ ಸಂದುಗಳಲ್ಲಿ ನಿಧಾನಕ್ಕೆ ಬರುತ್ತಿತ್ತು. ನಾವು ನಾಲ್ಕೂ ಜನ ಮೂಗು ಮುಂದೆ ಮಾಡಿಕೊಂಡು ಆ ತಗಡಿನ ಬಾಗಿಲ ಮುಂದೆ ನಿಂತಿದ್ದೆವು. ಟಿಕೆಟ್ ಕೊಂಡು ಒಳಗೆ ಹೋಗುತ್ತಿದ್ದ ಒಂದು ಸಂಸಾರ ನಮ್ಮನ್ನು ನೋಡಲು ಒಂದು ಕ್ಷಣ ನಿಂತಿತು. ಅವರ ಮಗು ಕೈ ಬೀಸಿತು.

ಕೊನೆಗೆ ಸಿಬ್ಬಂದಿಯೊಬ್ಬರು ಬಂದರು. ಬೇರೆ ಕೀಲಿಕೈ ತರುತ್ತಾರೆ ಅಂದುಕೊಂಡೆವು. ಅವರು ಜೇಬಿನಿಂದ ತಂತಿಯ ತುಂಡೊಂದನ್ನು ತೆಗೆದು, ತುದಿ ಸ್ವಲ್ಪ ಬಗ್ಗಿಸಿ, ಬೀಗದೊಳಗೆ ಹಾಕಿ, ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಂಡರು. ಕಟಕ್.

"ಬಾಯಿಂದ ತೆಗೀಲಿಲ್ಲ," ಅಂದಳು ಮಗಳು ಸ್ವಲ್ಪ ನಿರಾಸೆಯಿಂದ. ಹೆಂಡತಿ ಅವಳ ಬಾಯಿ ಮುಚ್ಚಿದಳು.

ಊಟ ಮುಗಿಸಿ ಕೈತೊಳೆದು ಹೊರಟಾಗಲೇ ಅತ್ತೆ ನಿಂತುಬಿಟ್ಟರು. ಕಂಕುಳು ಮುಟ್ಟಿ ನೋಡಿಕೊಂಡರು. ಎಡಗಡೆಯದು, ಆಮೇಲೆ ಬಲಗಡೆಯದು. "ಕೊಡೆ," ಅಂದರು. ಅಷ್ಟೇ ಅಂದಿದ್ದು. ಮನೆಯವರನ್ನೇ ಯಾರನ್ನೋ ಮರೆತು ಬಂದ ಹಾಗಿತ್ತು ದನಿ. ನಾನು ಮತ್ತೆ ಒಳಗೆ ಓಡಿದೆ. ಹಾವಿನ ಮನೆ, ಒರಾಂಗುಟಾನ್, ಕರಡಿಯ ಬೆಂಚು, ಶೌಚಾಲಯ, ಎಲ್ಲ ಕಡೆ ನೋಡಿದೆ. ನೀರಾನೆಯ ಕೊಳವನ್ನು ಬೋರ್ಡಿನ ಈಚೆಯಿಂದ ನೋಡಿದೆ. ಎಲ್ಲೂ ಇಲ್ಲ. ಅಷ್ಟರಲ್ಲಿ ಮುಚ್ಚುವ ಹೊತ್ತಾಯಿತು ಅಂತ ಸೀಟಿ ಊದಿದರು. ಗೇಟಿನಲ್ಲಿ ಹೇಳಿ, ಫೋನ್ ನಂಬರ್ ಬರೆದುಕೊಟ್ಟು ಬಂದೆ. ಯಾವ ಆವರಣದ ಹತ್ತಿರ ಬಿಟ್ಟಿರಿ ಅಂತ ಕೇಳಿದರು. ನನಗೆ ಗೊತ್ತಿದ್ದರೆ ತಾನೇ? ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಬಿಸಿಲು ಪೂರ್ತಿ ಇಳಿದಿತ್ತು. ಆದರೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ರಾತ್ರಿ ಹಣೆಗೆ ಮುಲಾಮು ಹಚ್ಚಿಕೊಂಡು ಹೆಂಡತಿಯ ಫೋನಿನಲ್ಲಿ ಫೋಟೋ ನೋಡುತ್ತ ಕೂತೆ. ಸಿಂಹದ ಬೆನ್ನು ಇಪ್ಪತ್ತೆರಡು. ನನ್ನ ಅಂಗಿ, ಎಡತೋಳು, ಹತ್ತಿರದಿಂದ, ಒಂಬತ್ತು. ಆಮೇಲೆ ಚಿರತೆಯ ಆವರಣ. ಬರೀ ಹುಲ್ಲು, ಬಂಡೆ, ಮರ. ಮುಂದೆ ನಾನು ಕೈ ಅಗಲಿಸಿಕೊಂಡು ಬೆದರುಬೊಂಬೆಯ ಹಾಗೆ ನಿಂತಿದ್ದೇನೆ. ಅಳಿಸಿ ಹಾಕೋಣ ಅಂತ ಬೆರಳಿಟ್ಟೆ. ಫೋಟೋ ಹೋಗಲಿಲ್ಲ, ದೊಡ್ಡದಾಯಿತು.

ನನ್ನ ತಲೆಯ ಸ್ವಲ್ಪ ಮೇಲೆ, ಆ ದೊಡ್ಡ ಮರದ ಅಡ್ಡಕೊಂಬೆಯ ಮೇಲೆ, ಎಲೆಗಳ ನಡುವೆ ಏನೋ ಜೋತಾಡುತ್ತಿತ್ತು. ಬಳ್ಳಿ ಅಂದುಕೊಂಡಿದ್ದು. ಬಳ್ಳಿಗೆ ಚುಕ್ಕೆ ಇರುವುದಿಲ್ಲ. ಬಾಲವನ್ನೇ ಹಿಡಿದುಕೊಂಡು ಬೆರಳು ಸರಿಸುತ್ತ ಹೋದೆ. ಸೊಂಟ ಸಿಕ್ಕಿತು, ಹೊಟ್ಟೆ ಸಿಕ್ಕಿತು, ಕೊಂಬೆಯ ಎರಡೂ ಕಡೆ ಇಳಿಬಿಟ್ಟ ಕಾಲು ಸಿಕ್ಕಿತು. ಕೊನೆಗೆ ಮುಖ. ನಾವು ಹತ್ತು ನಿಮಿಷ ಎಲೆ ಹಿಂದೆ ಓಡಾಡುತ್ತಿದ್ದಾಗ ಅದು ಅಲ್ಲೇ, ನೆತ್ತಿಯ ಮೇಲೇ ಇತ್ತು. ನೋಡುತ್ತಿರಲೂ ಇಲ್ಲ. ಗಲ್ಲವನ್ನು ಕೊಂಬೆಗೆ ಆನಿಸಿ, ಕಣ್ಣು ಮುಚ್ಚಿ, ಗಡದ್ದಾಗಿ ನಿದ್ದೆ ಹೊಡೆಯುತ್ತಿತ್ತು.

"ಬನ್ನಿ, ಎಲ್ಲರೂ ಬನ್ನಿ ಇಲ್ಲಿ!" ಅಂತ ಕೂಗಿದೆ. ಹೆಂಡತಿ ಒದ್ದೆ ಕೈಯಲ್ಲೇ ಬಂದಳು. ಮಗಳು ಹಾಸಿಗೆಯಿಂದ ಎದ್ದು ಬಂದಳು. ನೋಡಿ ಅಂತ ಫೋನನ್ನು ಮೇಜಿನ ನಡುವೆ ಇಟ್ಟೆ. ಮಗಳು ಕಿರುಚಿದಳು. ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. ನಾನು ನೋಟ್‌ಬುಕ್ ತಂದು, ಆ ದಪ್ಪ ಸೊನ್ನೆಯ ಹಿಂದೆ ಒಂದು ಹಾಕಿ ಹತ್ತು ಮಾಡಿದೆ. ಎಲ್ಲರಿಗೂ ಕಾಣುವ ಹಾಗೆ.

ಅತ್ತೆ ಎಲ್ಲರಿಗಿಂತ ಕೊನೆಗೆ ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿದರು. ಚಿರತೆಯನ್ನು ನೋಡಿದರು. ಆಮೇಲೆ ಒಂದು ಬೆರಳಿನಿಂದ ಫೋಟೋವನ್ನು ಮೇಲಕ್ಕೆ ಸರಿಸಿದರು. ಚಿರತೆ ಹೋಯಿತು, ನನ್ನ ತಲೆ ಬಂತು. ಇನ್ನೂ ಸರಿಸಿದರು. ನನ್ನ ಒದ್ದೆ ಅಂಗಿ ಬಂತು, ಅದರ ಪಕ್ಕ ಕಬ್ಬಿಣದ ಕಂಬಿ ಬಂತು.

"ಚಿರತೆ ಹಾಗಿರಲಿ ಅಳಿಯಂದ್ರೇ," ಅಂದರು. "ಇಲ್ಲಿ ಒಣಗೋಕೆ ನೇತುಹಾಕಿರೋದು ನನ್ನ ಕೊಡೆ ಅಲ್ವಾ?"